ಮಿಲ್ಕ್ ಥಿಸಲ್: ಗುರುತಿಸುವುದು, ಬೆಳೆಯುವುದು, ಬಳಸುವುದು ಹೇಗೆ?

ಲಿವರ್‌ಗೆ ಒಳ್ಳೆಯದು ಅಂತ ಮಿಲ್ಕ್ ಥಿಸಲ್ ಹೆಸರು ಈಗ ಎಲ್ಲರ ಕಿವಿಗೂ ಬಿದ್ದಿದೆ. ಬಿಳಿ ಗೆರೆ ಇರುವ ಮುಳ್ಳಿನ ಎಲೆ, ಅಷ್ಟೇ ಗುರುತು, ನಮ್ಮ ಹೊಲದ ಬದುವಿನಲ್ಲೇ ಇದೆಯಲ್ಲ ಅಂದುಕೊಳ್ಳುವವರೂ ಇದ್ದಾರೆ. ದಯವಿಟ್ಟು ಆ ಗಿಡಕ್ಕೆ ಕೈ ಹಾಕಬೇಡಿ. ಕಲಬುರಗಿ, ಸೇಡಂ, ಚಿತ್ತಾಪುರದ ರಸ್ತೆ ಬದಿಯಲ್ಲಿ, ಖಾಲಿ ಪ್ಲಾಟುಗಳಲ್ಲಿ ಹಾಗೆ ಕಾಣುವುದು ಹೆಚ್ಚಾಗಿ ಹಳದಿ ಹೂವಿನ ಮುಳ್ಳು ದತ್ತೂರಿ, ಹಿಂದಿಯವರು ಸತ್ಯಾನಾಶಿ ಅನ್ನುವ ಗಿಡ. ಅದು ವಿಷ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಕಾಲು ಊದಿಕೊಂಡು, ಉಸಿರು ಕಟ್ಟಿ, ಹೃದಯ ಸೋತು.

ಮೊದಲು ಗುರುತು ಹಿಡಿಯಿರಿ

ದತ್ತೂರಿಯ ದಂಟು ಮುರಿದರೆ ಅರಿಶಿನದಂಥ ಹಳದಿ ಹಾಲು ಒಸರುತ್ತದೆ. ಮಿಲ್ಕ್ ಥಿಸಲ್‌ನಲ್ಲಿ ಹಳದಿ ಹಾಲು ಬರುವುದೇ ಇಲ್ಲ. ದತ್ತೂರಿಯನ್ನು ಬೇರ್ಪಡಿಸಲು ಈ ಒಂದು ಪರೀಕ್ಷೆ ಸಾಕು, ಆದರೆ ಮುರಿದ ಮೇಲೆ ಕೈ ತೊಳೆದುಕೊಳ್ಳಿ. ಹೂವು ಬಿಟ್ಟಿದ್ದರೆ ಇನ್ನೂ ಸುಲಭ. ದತ್ತೂರಿಯದು ತೆಳ್ಳನೆಯ ಹಳದಿ ಎಸಳು, ಆಮೇಲೆ ಮುಳ್ಳಿನ ಕಾಯಿ, ಒಳಗೆ ಸಾಸಿವೆಯಂತೆ ಕಾಣುವ ಸಣ್ಣ ಕರಿ ಬೀಜ. ಮಿಲ್ಕ್ ಥಿಸಲ್‌ನದು ನೇರಳೆ ಗುಲಾಬಿ ಬಣ್ಣದ ದೊಡ್ಡ ಹೂಗುಚ್ಛ, ಅದರ ಸುತ್ತ ಹೊರಕ್ಕೆ ಚಾಚಿದ ಗಟ್ಟಿ ಮುಳ್ಳುಗಳು.

ಸಸ್ಯಶಾಸ್ತ್ರದ ಹೆಸರು ಸಿಲಿಬಮ್ ಮೇರಿಯಾನಮ್. ಸೂರ್ಯಕಾಂತಿಯ ಕುಟುಂಬ. ನಮ್ಮ ಕುಸುಬಿಗೆ ಇನ್ನೂ ಹತ್ತಿರದ ಸಂಬಂಧಿ, ಎರಡೂ ಒಂದೇ ಒಳಗುಂಪಿಗೆ ಸೇರುತ್ತವೆ. ಮೂಲ ಊರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳು. ಎಲೆ ಅಗಲ, ಮಿರಿಮಿರಿ ಹಸಿರು, ನರಗಳ ಉದ್ದಕ್ಕೂ ಹಾಲು ಚೆಲ್ಲಿದ ಹಾಗೆ ಬಿಳಿ. ಮೇರಿ ಮಾತೆಯ ಎದೆಹಾಲು ಬಿದ್ದು ಈ ಬಿಳಿ ಬಂತು ಅಂತ ಯುರೋಪಿನಲ್ಲಿ ಒಂದು ಕತೆಯೇ ಇದೆ.

ಬೀಜ ಕೊಳ್ಳುವಾಗ

ಗಿಡಮೂಲಿಕೆ ಅಂಗಡಿಗಳಲ್ಲಿ ಇದನ್ನು ಊಂಟ್ ಕಟಾರಾ ಅಂತ ಮಾರುವುದುಂಟು. ಆದರೆ ಆ ಹೆಸರು ನಿಜವಾಗಿ ಸಲ್ಲುವುದು ಬ್ರಹ್ಮದಂಡೆಗೆ, ಚೆಂಡಿನಂಥ ಹೂವಿನ ಬೇರೆಯೇ ಗಿಡಕ್ಕೆ. ಹಾಗಾಗಿ ಪೊಟ್ಟಣದ ಮೇಲೆ ಸಿಲಿಬಮ್ ಮೇರಿಯಾನಮ್ ಅಂತ ಬರೆದಿದೆಯಾ ನೋಡಿ, ಬರೆದಿಲ್ಲದಿದ್ದರೆ ಬಿಟ್ಟುಬಿಡಿ. ಬೀಜವನ್ನೂ ಅಂಗೈ ಮೇಲೆ ಹಾಕಿಕೊಂಡು ನೋಡಿ. ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ, ಚಪ್ಪಟೆ, ಹೊಳಪು, ಕಂದು ಅಥವಾ ಕಪ್ಪು, ಮೈಮೇಲೆ ಸಣ್ಣ ಗೀರು, ತುದಿಯಲ್ಲಿ ತಿಳಿ ಹಳದಿ ಉಂಗುರ. ಕುಸುಬಿ ಕಾಳು ಬೆಳ್ಳಗಿರುತ್ತದೆ, ಇದು ಕಪ್ಪಗೆ.

ಬೆಳೆಯುವುದಾದರೆ

ತಂಪು ಹವೆಯ ಗಿಡ ಇದು. ನಮ್ಮ ಬೇಸಿಗೆ ತಡೆಯುವುದಿಲ್ಲ. ಹಿಂಗಾರಿಯಲ್ಲಿ ಕುಸುಬಿ, ಕಡಲೆ ಬಿತ್ತುವಾಗಲೇ, ಅಂದರೆ ಅಕ್ಟೋಬರ್ ಹೊತ್ತಿಗೆ ಬೀಜ ಹಾಕಿ. ತಾಯಿಬೇರು ನೇರ ಕೆಳಗೆ ಇಳಿಯುವುದರಿಂದ ಒಂದು ಅಡಿಗಿಂತ ಆಳದ ಕುಂಡ ಬೇಕು, ಸಸಿ ಮಾಡಿ ಕಿತ್ತು ನೆಡುವ ಗೋಜಿಗೆ ಹೋಗಬೇಡಿ, ಬೆಳೆಯುವ ಜಾಗದಲ್ಲೇ ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಎರೆ ಮಣ್ಣು ಒಂದೇ ಹಾಕಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಮರಳು, ಗೊಬ್ಬರ ಬೆರೆಸಿ. ಬಿಸಿಲು ಚೆನ್ನಾಗಿ ಬೀಳಲಿ. ಮೊದಲು ಎಲೆಗಳು ನೆಲಕ್ಕೆ ಹರಡಿ ಚಕ್ರದ ಹಾಗೆ ಕೂರುತ್ತವೆ, ಆಮೇಲೆ ನಡುವಿನಿಂದ ದಂಟು ಏಳುತ್ತದೆ.

ಹೊಲದಲ್ಲಿ ಮಾತ್ರ ಬಿತ್ತಬೇಡಿ. ಈ ಮಾತು ಒತ್ತಿ ಹೇಳುತ್ತೇನೆ. ಒಂದು ಗಿಡ ಸಾವಿರಾರು ಬೀಜ ಕೊಡುತ್ತದೆ, ಅವು ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತವೆ, ಆಸ್ಟ್ರೇಲಿಯಾದಲ್ಲಿ ಇದು ದೊಡ್ಡ ಕಳೆಯೇ ಆಗಿದೆ. ಎಲೆಯಲ್ಲಿ ನೈಟ್ರೇಟ್ ಸೇರಿಕೊಳ್ಳುವುದರಿಂದ ಜಾಸ್ತಿ ಮೇಯ್ದ ದನಗಳಿಗೆ ವಿಷವೂ ಆಗುತ್ತದೆ. ಕಾಂಗ್ರೆಸ್ ಕಸದ ಕಾಟ ಒಂದೇ ಸಾಲದಾ ನಮಗೆ?

ಹೂವು ಒಣಗಿ ತುದಿಯಲ್ಲಿ ಬಿಳಿ ನೂಲು ಇಣುಕಿದ ಕೂಡಲೇ ಕತ್ತರಿಸಿಬಿಡಿ. ಒಂದೆರಡು ದಿನ ಬಿಟ್ಟರೆ ಬೀಜ ಗಾಳಿಗೆ ಹಾರುತ್ತವೆ. ಕೈಗೆ ದಪ್ಪ ಬಟ್ಟೆ ಕಟ್ಟಿಕೊಳ್ಳಬೇಕು ಅಂತ ಕುಸುಬಿ ರಾಶಿ ಮಾಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೆರಳಲ್ಲಿ ಒಣಗಿಸಿ, ಬಡಿದು, ತೂರಿ.

ಬಳಸುವ ಬಗೆ

ಔಷಧಿ ಗುಣ ಇರುವುದು ಬೀಜದಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ. ಅದರ ಹೆಸರು ಸಿಲಿಮರಿನ್. ಅದು ಒಂದೇ ವಸ್ತು ಅಲ್ಲ, ಹಲವು ಸೇರಿದ್ದು, ಮುಖ್ಯವಾದದ್ದು ಸಿಲಿಬಿನ್. ಬೀಜದ ತೂಕದಲ್ಲಿ ನೂರಕ್ಕೆ ಒಂದೂವರೆಯಿಂದ ಮೂರು ಭಾಗ ಮಾತ್ರ ಸಿಲಿಮರಿನ್. ಅದೂ ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗಾಗಿ ಬೀಜ ಕುದಿಸಿ ಕಷಾಯ ಕುಡಿದರೆ ಹೊಟ್ಟೆಗೆ ಹೋಗುವುದು ತುಂಬಾ ಕಡಿಮೆ. ಇಡೀ ಬೀಜ ನುಂಗಿದರೂ ಪ್ರಯೋಜನವಿಲ್ಲ. ಬೇಕಾದಷ್ಟನ್ನು ಆಗಾಗ ಪುಡಿ ಮಾಡಿಕೊಳ್ಳಿ, ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಪುಡಿ ಬೇಗ ಕಮಟು ಹಿಡಿಯುತ್ತದೆ. ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಒಂದು ಚಮಚ ಕಲಸಿ ರೊಟ್ಟಿ ಜೊತೆ ತಿಂದರೆ ಕಹಿ ಅಷ್ಟಾಗಿ ಗೊತ್ತಾಗುವುದಿಲ್ಲ.

ಮಾತ್ರೆ ಆದರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಸಾಮಾನ್ಯವಾಗಿ 140 ಮಿಲಿಗ್ರಾಂ, ದಿನಕ್ಕೆ ಮೂರು ಸಲ ಕೊಡುತ್ತಾರೆ. ಲೇಬಲ್ ಮೇಲೆ ಸಿಲಿಮರಿನ್ ಎಷ್ಟು ಅಂತ ನೋಡಬೇಕು, ಬೀಜದ ಸಾರದ ಒಟ್ಟು ತೂಕವನ್ನಲ್ಲ.

ಇಷ್ಟಕ್ಕೂ ಇದು ಕೆಲಸ ಮಾಡುತ್ತಾ? ಒಂದು ಕಡೆ ಹೌದು ಅನ್ನಲು ಕಾರಣವಿದೆ. ಡೆತ್ ಕ್ಯಾಪ್ ಅನ್ನುವ ವಿಷದ ಅಣಬೆ ತಿಂದವರಿಗೆ ಯುರೋಪಿನ ಆಸ್ಪತ್ರೆಗಳಲ್ಲಿ ಸಿಲಿಬಿನ್ ಇಂಜೆಕ್ಷನ್ ಕೊಡುತ್ತಾರೆ. ವಿಷ ಲಿವರ್ ಕೋಶದ ಒಳಗೆ ಹೋಗದಂತೆ ಅದು ಅಡ್ಡ ನಿಲ್ಲುತ್ತದೆ. ಆದರೆ ಹೆಪಟೈಟಿಸ್ ಸಿ ಅನ್ನುವ ಲಿವರ್ ಸೋಂಕು ಇದ್ದ 154 ಜನರಲ್ಲಿ ಕೆಲವರಿಗೆ ಸಾಮಾನ್ಯ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸಿಲಿಮರಿನ್ ಅನ್ನು 24 ವಾರ ಕೊಟ್ಟು ನೋಡಿದ ಅಮೆರಿಕದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಿಂದ ಉಳಿದವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಇದು ಡಾಕ್ಟರ್ ಔಷಧಿಯ ಜೊತೆಗೆ ಇರಬಹುದಾದದ್ದು, ಅದರ ಬದಲಿಗೆ ಅಲ್ಲ. ಕುಡಿಯುವವರು ಕುಡಿಯುತ್ತಲೇ ಇದನ್ನು ನುಂಗಿದರೆ ಲಿವರ್ ಉಳಿಯುವುದಿಲ್ಲ.

ಯಾರು ದೂರ ಇರಬೇಕು

ಕಾಂಗ್ರೆಸ್ ಕಸದಿಂದ ಮೈ ತುರಿಕೆ, ದಮ್ಮು ಬರುವವರು ಮೊದಲು. ಎರಡೂ ಒಂದೇ ಕುಟುಂಬ, ಇದರಿಂದಲೂ ಅಲರ್ಜಿ ಆಗಬಹುದು. ಬಸುರಿಯರು, ಹಾಲುಣಿಸುವವರು ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳ್ಳಗೆ ಮಾಡುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಶುರು ಮಾಡಬಾರದು. ಕೆಲವರಿಗೆ ಭೇದಿಯೂ ಆಗುತ್ತದೆ.

ಇನ್ನು ಕಾಮಣಿ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ಯಾವ ಬೇರು, ಯಾವ ಪುಡಿ ಕೊಟ್ಟಿದ್ದರೂ ಹೆಸರು ಅದಕ್ಕೇ ಬರುತ್ತದೆ. ಹೆಪಟೈಟಿಸ್ ಬಿ, ಸಿ ಹಾಗಲ್ಲ, ಒಳಗೇ ಉಳಿದು ವರ್ಷಗಟ್ಟಲೆ ಲಿವರ್ ತಿನ್ನಬಹುದು. ಯಾವುದು ಅಂತ ಕಣ್ಣಿನ ಹಳದಿ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ, ರಕ್ತ ಪರೀಕ್ಷೆಯೇ ಆಗಬೇಕು. ಕಾಮಣಿ ಬಂದವರು ಮಂಪರಿನಲ್ಲಿದ್ದರೆ, ಅಸಂಬದ್ಧ ಮಾತಾಡಿದರೆ, ರಕ್ತ ವಾಂತಿಯೋ ಕಪ್ಪು ಮಲವೋ ಕಂಡರೆ, ಅಥವಾ ಬಸುರಿಗೆ ಕಾಮಣಿ ಬಂದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಅದುವರೆಗೆ ಕೊಟ್ಟ ಪುಡಿ, ಕಷಾಯ, ಮಾತ್ರೆ ಏನೇ ಇದ್ದರೂ ಪೊಟ್ಟಣದ ಸಮೇತ ಡಾಕ್ಟರಿಗೆ ತೋರಿಸಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.