ಹೀಟ್ ನಿಂತ ರಾತ್ರಿ ಥರ್ಮಾಮೀಟರ್ ತೆಗೆಯಿರಿ

ನ್ಯೂಯಾರ್ಕಿನ ಬಾಡಿಗೆ ಮನೆಯಲ್ಲಿ ಜನವರಿಯ ರಾತ್ರಿ ಹೀಟ್ ನಿಂತರೆ ನಮ್ಮವರು ಕಟ್ಟಡ ನೋಡಿಕೊಳ್ಳುವ ಸೂಪರ್‌ಗೆ ಒಂದು ಮೆಸೇಜ್ ಹಾಕಿ, ಸ್ವೆಟರ್ ಮೇಲೆ ಸ್ವೆಟರ್ ಏರಿಸಿ, 'ನಾಳೆ ಸರಿಹೋಗುತ್ತೆ, ಅಡ್ಜಸ್ಟ್ ಮಾಡ್ಕೊಳ್ಳೋಣ' ಎಂದು ಮಲಗಿಬಿಡುತ್ತಾರೆ. ಊರಿಂದ ಬಂದಿದ್ದ ವಯಸ್ಸಾದ ತಂದೆತಾಯಿ ಆರು ದಿನ ಹಾಗೆ ನಡುಗಿದ್ದನ್ನು ನಮ್ಮ ಕಟ್ಟಡದಲ್ಲೇ ಕಂಡಿದ್ದೇನೆ. ದಯವಿಟ್ಟು ಹಾಗೆ ಕಾಯಬೇಡಿ.

ಮೊದಲು ಕೋಣೆ ಕಾಯಿಸುವ ರೇಡಿಯೇಟರ್ ಮುಟ್ಟಿ ನೋಡಿ. ಹಳೆಯ ಕಟ್ಟಡಗಳ ಒಂದೇ ಪೈಪಿನ ಸ್ಟೀಮ್ ರೇಡಿಯೇಟರ್ ಆದರೆ ಕೆಳಗಿನ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತಿರುಗಿಸಿಟ್ಟರೆ ನೀರು ಒಳಗೇ ನಿಂತು, ಪೈಪು ಸುತ್ತಿಗೆಯಲ್ಲಿ ಹೊಡೆದಂತೆ ಢಣಢಣ ಎನ್ನುತ್ತದೆ, ಬಿಸಿ ಏರುವುದಿಲ್ಲ.

ವಾಲ್ವ್ ಸರಿಯಿದ್ದರೆ ಥರ್ಮಾಮೀಟರ್. ಎಲ್ಲರೂ ಎಡವುವುದು ಇಲ್ಲೇ. ಫೋನಿನ ಆ್ಯಪ್ ತೋರಿಸುವುದು ಊರಿನ ಹವಾಮಾನ, ನಿಮ್ಮ ಕೋಣೆಯದಲ್ಲ. ಸಣ್ಣದೊಂದು ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಕಿಟಕಿಯ ಪಕ್ಕ ಇಟ್ಟರೆ ಕಡಿಮೆ, ಒಲೆಯ ಪಕ್ಕ ಇಟ್ಟರೆ ಹೆಚ್ಚು ತೋರಿಸುತ್ತದೆ. ಕೋಣೆಯ ನಡುವೆ ಸ್ಟೂಲಿನ ಮೇಲಿಡಿ. ಹದಿನೈದು ನಿಮಿಷ ಬಿಟ್ಟು ತಾರೀಖು, ಗಂಟೆ, ಯಾವ ಕೋಣೆ, ಒಳಗೆಷ್ಟು, ಹೊರಗೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ತೆಗೆಯಿರಿ. ಬೆಳಗ್ಗೆ ಏಳಕ್ಕೆ, ಸಂಜೆ, ಮಲಗುವ ಮುನ್ನ, ನಡುರಾತ್ರಿ ಎಚ್ಚರವಾದರೆ ಆಗಲೂ. 'ತುಂಬಾ ಚಳಿ' ಎಂದು ಬರೆದರೆ ಯಾರೂ ಒಪ್ಪುವುದಿಲ್ಲ, ಅಂಕಿ ಬೇಕು. ನಗರದ ಕಾನೂನಿನಲ್ಲಿರುವುದೂ ಅಂಕಿಯೇ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಒಳಗೆ ಕನಿಷ್ಠ 68 ಇರಬೇಕು, ಅಂದರೆ ನಮ್ಮ ಲೆಕ್ಕದಲ್ಲಿ 20 ಸೆಲ್ಸಿಯಸ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಹೊರಗೆ ಎಷ್ಟೇ ಇರಲಿ, ಒಳಗೆ 62.

ಮಾಲೀಕರಿಗೆ ಬರಹದಲ್ಲಿ ತಿಳಿಸಿ. ಸರಿಹೋಗದಿದ್ದರೆ ಅದೇ ದಿನ ನಗರದ ದೂರಿನ ನಂಬರ್ 311ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದ ಮನೆಯವರಿಂದಲೂ ದೂರು ಕೊಡಿಸಿ. ಇನ್‌ಸ್ಪೆಕ್ಟರನ್ನು ಕಳಿಸುವ ಮುನ್ನ ವಸತಿ ಇಲಾಖೆಯವರು 'ಹೀಟ್ ಬಂತೇ' ಎಂದು ಕೇಳಲು ಫೋನ್ ಮಾಡುತ್ತಾರೆ. ಗೊತ್ತಿಲ್ಲದ ನಂಬರ್ ಎಂದು ಆ ಕರೆ ಕಟ್ ಮಾಡಿಬಿಟ್ಟೀರಿ! ಅವರು ಬಂದಾಗ ಬಾಗಿಲು ತೆರೆಯಲು ಯಾರಾದರೂ ಮನೆಯಲ್ಲಿರಲಿ.

ಅಲ್ಲಿಯವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ. ಬಾಗಿಲ ಸಂದಿಗೆ ಹಳೆಯ ಪಂಚೆ ಸುತ್ತಿಡಿ. ಗ್ಯಾಸ್ ಓವನ್ ಬಾಗಿಲು ತೆರೆದು ಮೈ ಕಾಯಿಸಿಕೊಳ್ಳುವ ಉಪಾಯ ಬೇಡವೇ ಬೇಡ, ಅದರಿಂದ ಬರಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಕೋಣೆ ಕಾಯಿಸಲೆಂದು ಮಣ್ಣಿನ ಕುಂಡದ ಕೆಳಗೆ ಮೇಣದಬತ್ತಿ ಹಚ್ಚುವ ವಿಡಿಯೊಗಳನ್ನೂ ನಂಬಬೇಡಿ. ಒಂದು ಬತ್ತಿ ಕೊಡುವುದು ಹೆಚ್ಚೆಂದರೆ ನೂರು ವ್ಯಾಟ್‌ನಷ್ಟು ಬಿಸಿ, ಸಾಧಾರಣ ಹೀಟರ್ 1500. ಬೆಂಕಿಯ ಅಪಾಯ ಮಾತ್ರ ಪೂರ್ತಿ. ಹೀಟರ್ ಕೊಳ್ಳುವುದಾದರೆ ಎಣ್ಣೆ ತುಂಬಿದ್ದನ್ನೇ ಕೊಳ್ಳಿ, ಕೆಂಪಗೆ ಕಾಯುವ ಸುರುಳಿಯದು ಬೇಡ. ನೇರ ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಷನ್ ವೈರಿಗಲ್ಲ. ಹಾಸಿಗೆ, ಪರದೆಯಿಂದ ಮೂರಡಿ ದೂರವಿರಲಿ, ನಿದ್ದೆಗೆ ಮುನ್ನ ಆರಿಸಿ. 2022ರ ಜನವರಿ 9ರಂದು ಬ್ರಾಂಕ್ಸ್‌ನ ಟ್ವಿನ್ ಪಾರ್ಕ್ಸ್ ಕಟ್ಟಡದಲ್ಲಿ ಹೀಟರಿನಿಂದ ಹೊತ್ತಿದ ಬೆಂಕಿಗೆ 17 ಜನ ಹೋದರು, ಅವರಲ್ಲಿ ಎಂಟು ಮಕ್ಕಳು. ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲು ಮುಚ್ಚದೆ ಹೊಗೆ ಮಹಡಿಗಳಿಗೆಲ್ಲ ನುಗ್ಗಿತ್ತು. ನಿಮ್ಮ ಮುಂಬಾಗಿಲು ತಾನಾಗಿ ಮುಚ್ಚುತ್ತದೆಯೇ, ಇವತ್ತೇ ನೋಡಿ.

ಇಷ್ಟಾದರೂ ಹೀಟ್ ಬರದಿದ್ದರೆ ಹೌಸಿಂಗ್ ಕೋರ್ಟಿನಲ್ಲಿ 'ಎಚ್‌ಪಿ ಆ್ಯಕ್ಷನ್', ಅಂದರೆ ಮಾಲೀಕರಿಂದ ರಿಪೇರಿ ಮಾಡಿಸುವ ದಾವೆ, ಹೂಡಬಹುದು. ವಕೀಲರನ್ನು ಕೇಳದೆ ಬಾಡಿಗೆ ನಿಲ್ಲಿಸಬೇಡಿ. ಕೋರ್ಟಿಗೆ ಹೋಗುವಾಗ ಆ ನೋಟ್‌ಬುಕ್ ಮರೆಯದೆ ಒಯ್ಯಿರಿ.