ಲೆನ್ಸ್ ಇಲ್ಲದ ಕ್ಯಾಮೆರಾ: ಕರಾಮತ್ತೆಲ್ಲಾ ಸೂಜಿ ತೂತಲ್ಲೇ

ಮರದ ಕೆಳಗೆ ನೆಲದ ಮೇಲೆ ಬೀಳೋ ಬಿಸಿಲಿನ ಚುಕ್ಕಿಗಳನ್ನ ಯಾವತ್ತಾದ್ರೂ ಕೂತು ನೋಡಿದೀರಾ? ಎಲೆಗಳ ಮಧ್ಯದ ಸಂದಿ ನೋಡಿದ್ರೆ ಸೊಟ್ಟಪಟ್ಟ, ಒಂದೊಂದು ಒಂದೊಂದು ಆಕಾರ, ಆದ್ರೆ ಕೆಳಗೆ ಬಿದ್ದಿರೋ ಚುಕ್ಕಿಗಳು ಮಾತ್ರ ಹೆಚ್ಚುಕಮ್ಮಿ ಎಲ್ಲವೂ ಗುಂಡಗೆ. ಯಾಕಂದ್ರೆ ಅದು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರ. ಸೂರ್ಯಗ್ರಹಣ ಹಿಡಿದಾಗ ಅದೇ ಜಾಗಕ್ಕೆ ಬಂದು ನೋಡಿ, ಅಷ್ಟೂ ಚುಕ್ಕಿ ಕುಡುಗೋಲಿನ ಥರ ಬಾಗಿರುತ್ವೆ.

ಪಿನ್‌ಹೋಲ್ ಕ್ಯಾಮೆರಾ ಅಂದ್ರೆ ಇಷ್ಟೇ. ಬೆಳಕು ನೆಟ್ಟಗೆ ಹೋಗುತ್ತೆ, ಆದ್ರಿಂದ ಎದುರಿಗಿರೋ ಮರದ ತುದಿಯಿಂದ ಬಂದ ಬೆಳಕು ಸಣ್ಣ ತೂತಲ್ಲಿ ತೂರಿ ಡಬ್ಬಿಯ ಒಳಗೆ ಕೆಳಗಡೆ ಬೀಳುತ್ತೆ, ಬುಡದಿಂದ ಬಂದಿದ್ದು ಮೇಲೆ ಬೀಳುತ್ತೆ, ಎಡ ಬಲ ಆಗುತ್ತೆ, ಒಟ್ಟಲ್ಲಿ ಮರ ತಲೆಕೆಳಗಾಗಿ ನಿಲ್ಲುತ್ತೆ. ಸಾವಿರ ವರ್ಷದ ಹಿಂದೆಯೇ ಇಬ್ನ್ ಅಲ್‌-ಹೈಥಮ್ ಅನ್ನೋ ಅರಬ್ ವಿಜ್ಞಾನಿ ಇದರ ಬಗ್ಗೆ ಬರೆದಿದ್ದ, ಅವನಿಗಿಂತ ಎಷ್ಟೋ ಶತಮಾನ ಮುಂಚೆ ಚೀನಾದಲ್ಲೂ ಗೊತ್ತಿತ್ತು. ಅದನ್ನ ಕಾಗದದ ಮೇಲೆ ಹಿಡಿದಿಡೋಕೆ ಮಾತ್ರ ಫೋಟೋಗ್ರಫಿ ಬರೋ ತನಕ ಕಾಯಬೇಕಾಯ್ತು, 1850ರ ದಶಕದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಸೂಜಿ ತೂತಿನ ಫೋಟೋ ತೆಗೆದ.

ಮೊದಲು ಸುಮ್ನೆ ನೋಡೋ ಡಬ್ಬಿ

ನನ್ನ ಮಾತು ಕೇಳೋದಾದ್ರೆ ಡೈರೆಕ್ಟಾಗಿ ಫೋಟೋಗೆ ಕೈ ಹಾಕ್ಬೇಡಿ. ಎರಡು ರಟ್ಟಿನ ಡಬ್ಬಿ ತಗೊಳ್ಳಿ, ಒಂದು ಇನ್ನೊಂದರೊಳಗೆ ಬಿಗಿಯಾಗಿ ಜಾರೋ ಹಾಗಿರ್ಬೇಕು. ಹೊರಗಿನ ಡಬ್ಬಿಯ ಮುಂದಿನ ಗೋಡೆಯಲ್ಲಿ ತೂತು, ಒಳಗಿನ ಡಬ್ಬಿಯ ಮುಂಭಾಗಕ್ಕೆ ಬಟರ್ ಪೇಪರ್ ಅಥವಾ ಟ್ರೇಸಿಂಗ್ ಪೇಪರ್ ಎಳೆದು ಅಂಟಿಸಿ, ಹಿಂದಿನ ಕಡೆ ತೆರೆದಿರಲಿ. ಬಿಸಿಲಲ್ಲಿರೋ ಏನಾದ್ರೂ ವಸ್ತು ಕಡೆ ಹಿಡಿದು, ತಲೆ ಮೇಲೆ ದಪ್ಪ ಬಟ್ಟೆ ಹೊದ್ದು ಹಿಂದಿನಿಂದ ನೋಡಿ. ಒಂದು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ, ಆಮೇಲೆ ತಲೆಕೆಳಗಾದ ಬಣ್ಣದ ಚಿತ್ರ ಕಾಣುತ್ತೆ, ಅದೂ ಅಲ್ಲಾಡ್ತಾ ಇರುತ್ತೆ! ಒಳ ಡಬ್ಬಿ ಹಿಂದಕ್ಕೆ ಎಳೆದಷ್ಟೂ ಚಿತ್ರ ದೊಡ್ಡದಾಗುತ್ತೆ, ಜೊತೆಗೆ ಮಂಕಾಗುತ್ತೆ. ಒಂದೇ ಎಚ್ಚರಿಕೆ, ತೂತಿನ ಮೂಲಕ ಸೂರ್ಯನ ಕಡೆ ಕಣ್ಣಿಟ್ಟು ನೋಡ್ಲೇಬಾರ್ದು.

ತೂತು ಮಾಡೋದು

ಎಲ್ರೂ ಎಡವೋದು ಇಲ್ಲೇ. ಡಬ್ಬಿಗೆ ಬಣ್ಣ, ಸ್ಟ್ಯಾಂಡು, ಅಲಂಕಾರ ಎಲ್ಲಾ ಮಾಡಿ ತೂತನ್ನ ಮಾತ್ರ ರಟ್ಟಿಗೇ ಗುಂಡುಸೂಜಿ ಚುಚ್ಚಿ ಮುಗಿಸಿಬಿಡ್ತಾರೆ. ರಟ್ಟು ದಪ್ಪ, ತೂತು ಸುರಂಗದ ಥರ ಆಗುತ್ತೆ, ಒಳಗೆಲ್ಲಾ ನಾರು ಎದ್ದಿರುತ್ತೆ, ಚಿತ್ರ ಮಬ್ಬು ಮಬ್ಬು. ಆದ್ರಿಂದ ರಟ್ಟಲ್ಲಿ ಒಂದು ದೊಡ್ಡ ಕಿಂಡಿ ಕತ್ತರಿಸಿ, ಅದರ ಮೇಲೆ ತೂತು ಇರೋ ತೆಳು ತಗಡಿನ ತುಂಡು ಅಂಟಿಸ್ಬೇಕು. ಅಡುಗೆಮನೆ ಅಲ್ಯುಮಿನಿಯಂ ಫಾಯಿಲ್ ನೋಡೋ ಡಬ್ಬಿಗೆ ಸಾಕು, ಆದ್ರೆ ಬೇಗ ಹರಿಯುತ್ತೆ. ಖಾಲಿ ಕೂಲ್ ಡ್ರಿಂಕ್ ಕ್ಯಾನಿನ ಗೋಡೆ ಬೆಸ್ಟ್. ಎರಡು ಬೆರಳಗಲ ಕತ್ತರಿಸಿಕೊಳ್ಳಿ, ಅಂಚು ಬ್ಲೇಡಿನ ಹಾಗಿರುತ್ತೆ, ಹುಷಾರು.

ತುಂಡನ್ನ ದಪ್ಪ ರಟ್ಟಿನ ಮೇಲಿಟ್ಟು ಸಣ್ಣ ಹೊಲಿಗೆ ಸೂಜಿಯಿಂದ ನೆಟ್ಟಗೆ ಒತ್ತಿ, ಚುಚ್ಚಿ ಆಚೆ ತೆಗೀಬೇಡಿ, ಹಿಂದಗಡೆ ಒಂದು ಉಬ್ಬು ಬಂದ್ರೆ ಸಾಕು. ತಿರುಗಿಸಿ ಆ ಉಬ್ಬನ್ನ ನೈಸ್ ಸ್ಯಾಂಡ್ ಪೇಪರಲ್ಲಿ ನಿಧಾನವಾಗಿ ಉಜ್ಜಿ. ತಗಡು ತೆಳುವಾಗ್ತಾ ಹೋಗಿ ಒಂದು ಹಂತದಲ್ಲಿ ಬೆಳಕು ಕಾಣುತ್ತೆ. ಈಗ ಸೂಜಿ ತುದಿಯನ್ನ ಅದರಲ್ಲಿಟ್ಟು ಗಿರಗಿರ ತಿರುಗಿಸಿದ್ರೆ ತೂತು ಗುಂಡಗಾಗುತ್ತೆ. ಮತ್ತೆ ಉಜ್ಜಿ, ಮತ್ತೆ ತಿರುಗಿಸಿ. ಒಂದಲ್ಲ, ನಾಲ್ಕೈದು ಮಾಡಿ ಅದರಲ್ಲಿ ಚೆನ್ನಾಗಿರೋದನ್ನ ಆರಿಸಿಕೊಳ್ಳಿ.

ಎಷ್ಟು ಸಣ್ಣದಿರ್ಬೇಕು? ಸಣ್ಣದಾದಷ್ಟೂ ಚಿತ್ರ ಚೂಪಾಗುತ್ತೆ ಅಂತ ಅನ್ಸುತ್ತೆ, ಒಂದು ಮಟ್ಟದ ತನಕ ನಿಜ, ಅದಕ್ಕಿಂತ ಸಣ್ಣದಾದ್ರೆ ಬೆಳಕು ತೂತಿನ ಅಂಚಲ್ಲಿ ಬಾಗಿ ಹರಡಿಕೊಂಡು ಮತ್ತೆ ಮಬ್ಬಾಗುತ್ತೆ. ಲೆಕ್ಕ ಬೇಕಂದ್ರೆ, ತೂತಿನಿಂದ ಕಾಗದದ ತನಕದ ದೂರವನ್ನ ಮಿಲಿಮೀಟರಲ್ಲಿ ತಗೊಂಡು 0.00055ರಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸಿ. 100 ಮಿಲಿಮೀಟರಿಗೆ ಸುಮಾರು 0.45 ಮಿಲಿಮೀಟರ್, 150ಕ್ಕೆ 0.55, 60ಕ್ಕೆ 0.35 ಬರುತ್ತೆ. ಅಳೆಯೋದು ಹೇಗೆ ಅಂದ್ರೆ, ಸ್ಕ್ಯಾನರ್ ಇದ್ರೆ 1200 ಡಿಪಿಐಗೆ ಇಟ್ಟು ತಗಡನ್ನೇ ಸ್ಕ್ಯಾನ್ ಮಾಡಿ, 0.4 ಮಿಲಿಮೀಟರ್ ತೂತು 19 ಪಿಕ್ಸೆಲ್ ಅಗಲ ಇರುತ್ತೆ. ಇಲ್ಲದಿದ್ರೆ ಒಂದೇ ನಂಬರಿನ ಹತ್ತು ಸೂಜಿ ಒತ್ತೊತ್ತಾಗಿ ಜೋಡಿಸಿ ಸ್ಕೇಲಲ್ಲಿ ಅಳೆಯಿರಿ, ಒಟ್ಟು 6 ಮಿಲಿಮೀಟರ್ ಬಂದ್ರೆ ಒಂದೊಂದು 0.6 ದಪ್ಪ, ಅಂದ್ರೆ ಸೂಜಿ ಪೂರ್ತಿ ತೂರಿಸದೆ ತುದಿ ಮಾತ್ರ ಇಳಿಸ್ಬೇಕು.

ಫೋಟೋ ಡಬ್ಬಿ

ಬೂಟಿನ ಡಬ್ಬಿ, ಬಿಸ್ಕತ್ತಿನ ತಗಡು, ಹಾಲಿನ ಪುಡಿ ಡಬ್ಬ, ಮುಚ್ಚಳ ಬಿಗಿಯಾಗಿರೋ ಯಾವುದಾದ್ರೂ ಸರಿ. ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ ಇಲ್ಲಾಂದ್ರೆ ಕಪ್ಪು ಕಾಗದ ಅಂಟಿಸಿ. ತೂತಿನ ತಗಡನ್ನ ಕಪ್ಪು ಇನ್ಸುಲೇಷನ್ ಟೇಪಿನಿಂದ ಸುತ್ತ ಹಿಡಿಸಿ, ಹೊರಗಡೆ ಅದೇ ಟೇಪಿನ ಒಂದು ತುಂಡೇ ಶಟರ್, ಒಂದು ತುದಿ ಮಡಚಿಟ್ಟರೆ ಎತ್ತೋಕೆ ಸುಲಭ.

ಆಮೇಲೆ ಫೋನಿನ ಟಾರ್ಚ್ ಆನ್ ಮಾಡಿ ಡಬ್ಬಿಯೊಳಗಿಟ್ಟು ಮುಚ್ಚಿ, ಕತ್ತಲೆ ಕೋಣೆಗೆ ಹೋಗಿ ಸುತ್ತ ತಿರುಗಿಸಿ ನೋಡಿ. ನಾನು ಮೊದಲ ಸಲ ಇದನ್ನ ಮಾಡ್ಲಿಲ್ಲ, ಆರು ಕಾಗದ ಸಾಲಾಗಿ ಕಪ್ಪಗೆ ಬಂದ್ವು, ರಾಸಾಯನಿಕವೇ ಸರಿ ಇಲ್ಲ ಅಂತ ಅದನ್ನ ಬೈಕೊಂಡು ಕೂತಿದ್ದೆ, ಕೊನೆಗೆ ನೋಡಿದ್ರೆ ಮುಚ್ಚಳದ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ.

ಒಳಗೆ ಹಾಕೋದು ಕಪ್ಪು-ಬಿಳುಪು ಫೋಟೋಗ್ರಫಿಕ್ ಪೇಪರ್, ಪ್ರಿಂಟರಿಗೆ ಹಾಕೋ ಫೋಟೋ ಪೇಪರ್ ಅಲ್ಲ, ಅದಕ್ಕೆ ಬೆಳಕು ಗೊತ್ತಾಗಲ್ಲ. ಫಿಲ್ಮ್‌ಗಿಂತ ಇದು ಹೊಸಬರಿಗೆ ಒಳ್ಳೇದು, ಯಾಕಂದ್ರೆ ಇದಕ್ಕೆ ಕಾಣೋದು ನೀಲಿ ಹಸಿರು ಮಾತ್ರ, ಕೆಂಪು ಬೆಳಕಲ್ಲಿ ಆರಾಮಾಗಿ ಕೆಲಸ ಮಾಡ್ಬಹುದು, ಸೈಕಲ್ಲಿನ ಹಿಂದೆ ಹಾಕೋ ಕೆಂಪು ಎಲ್‌ಇಡಿ ಆದ್ರೂ ಸಾಕಾಗುತ್ತೆ. ಹೊಳಪಿನ ಮುಖ ತೂತಿನ ಕಡೆ ಇರೋ ಹಾಗೆ ಹಿಂದಿನ ಗೋಡೆಗೆ ಅಂಟಿಸಿ, ಮುಚ್ಚಿ.

ಎಷ್ಟು ಹೊತ್ತು ತೆರೀಬೇಕು

ಡಬ್ಬಿ ಅಲ್ಲಾಡಬಾರ್ದು, ಕಲ್ಲಿನ ಮೇಲೋ ಗೋಡೆ ಮೇಲೋ ಇಟ್ಟು ಮೇಲೊಂದು ಭಾರ ಹೇರಿ. 100 ಮಿಲಿಮೀಟರ್ ದೂರ, 0.45 ತೂತು ಅಂದ್ರೆ ಎಫ್/222 (ದೂರವನ್ನ ತೂತಿನ ಅಗಲದಿಂದ ಭಾಗಿಸಿದ್ರೆ ಬರೋ ಸಂಖ್ಯೆ), ಬೆಳಕು ಹಿಡಿಯೋ ವೇಗ, ಅಂದ್ರೆ ಕಾಗದದ ಐಎಸ್‌ಒ ಬರೀ 3ರಿಂದ 6, ಹಾಗಾಗಿ ಒಳ್ಳೆ ಬಿಸಿಲಲ್ಲಿ 30 ಸೆಕೆಂಡಿಂದ 1 ನಿಮಿಷ, ಮೋಡ ಇದ್ರೆ 3ರಿಂದ 5 ನಿಮಿಷ, ಮನೆಯೊಳಗೆ ಗಂಟೆಗಟ್ಟಲೆ. ಮೊದಲ ಮೂರು ಕಾಗದ ಟೆಸ್ಟಿಗೇ ಅಂತ ಇಟ್ಕೊಳ್ಳಿ. ಇಷ್ಟು ಹೊತ್ತು ತೆರೆದಿರೋದ್ರಿಂದ ನಡೆದುಹೋಗೋ ಜನ, ಗಾಡಿ ಫೋಟೋದಲ್ಲಿ ಬರೋದೇ ಇಲ್ಲ, ಗಿಜಿಗುಡೋ ರಸ್ತೆ ಖಾಲಿ ಕಾಣುತ್ತೆ. ಫೋಕಸ್ ಅನ್ನೋ ತಲೆನೋವೂ ಇಲ್ಲ, ಹತ್ತಿರದ ಹೂವು, ದೂರದ ಗುಡ್ಡ ಎರಡೂ ಒಂದೇ ಹದದಲ್ಲಿ ಬರುತ್ವೆ.

ತೊಳೆಯೋದು

ಡೆವಲಪರ್, ಅಂದ್ರೆ ಕಾಗದದ ಮೇಲೆ ಚಿತ್ರ ಎಬ್ಬಿಸೋ ರಾಸಾಯನಿಕ, ಸಿಗದಿದ್ರೆ ಕಾಫಿಪುಡಿ ಇದೆಯಲ್ಲ! ತಮಾಷೆ ಅಲ್ಲ, 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕ್ಲಾಸೊಂದರಲ್ಲಿ ಶುರುವಾದ ವಿದ್ಯೆ ಇದು, ಕ್ಯಾಫೆನಾಲ್ ಅಂತಾರೆ. 1 ಲೀಟರ್ ನೀರಿಗೆ ತೇವ ಇಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿಪುಡಿ 40 ಗ್ರಾಂ, ಇದೇ ಕ್ರಮದಲ್ಲಿ ಒಂದೊಂದಾಗಿ ಕರಗಿಸಿ. ಅಡುಗೆ ಸೋಡಾ ನಡೆಯಲ್ಲ. ವಾಸನೆ ಮಾತ್ರ ಸಹಿಸೋ ಹಾಗಿರಲ್ಲ, ಕಿಟಕಿ ಮುಚ್ಚಿದ ಬಾತ್‌ರೂಮಲ್ಲಿ ಇನ್ನೂ ಕಷ್ಟ. ಗ್ಲೌಸ್ ಹಾಕ್ಕೊಳ್ಳಿ, ಬಳಸಿದ ತಟ್ಟೆ ಮತ್ತೆ ಊಟಕ್ಕೆ ಬೇಡ.

ಕೆಂಪು ಬೆಳಕಲ್ಲಿ ಕಾಗದವನ್ನ ಅದರಲ್ಲಿ ಮುಳುಗಿಸಿ ತಟ್ಟೆ ಮೆಲ್ಲಗೆ ಅಲ್ಲಾಡಿಸ್ತಾ ಇದ್ರೆ ಮೂರ್ನಾಲ್ಕು ನಿಮಿಷದಲ್ಲಿ ಚಿತ್ರ ಎದ್ದುಬರುತ್ತೆ. ನೀರಲ್ಲಿ ಅದ್ದಿ ಫಿಕ್ಸರಿಗೆ ಹಾಕಿ. ಫಿಕ್ಸರ್ ಅಂದ್ರೆ ಕಾಗದ ಮತ್ತೆ ಬೆಳಕಿಗೆ ಕಪ್ಪಾಗದ ಹಾಗೆ ಮಾಡೋ ಹೈಪೋ, ಸೋಡಿಯಂ ಥಯೋಸಲ್ಫೇಟ್, ಇದಕ್ಕೆ ಮಾತ್ರ ಅಡುಗೆಮನೆಯಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡೋ ಬದಲಿ ಇಲ್ಲ, ಕೊಂಡುಕೊಳ್ಳೋದೇ ಒಳ್ಳೇದು. ಐದು ನಿಮಿಷ ಅದರಲ್ಲಿಟ್ಟು, ಹರಿಯೋ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಬಂದಿರೋದು ನೆಗೆಟಿವ್, ಆಕಾಶ ಕಪ್ಪು, ನೆರಳು ಬಿಳುಪು. ಸ್ಕ್ಯಾನ್ ಮಾಡಿ ಯಾವುದಾದ್ರೂ ಆ್ಯಪಲ್ಲಿ ಬಣ್ಣ ತಿರುಗುಮುರುಗು ಮಾಡಿದ್ರೆ ಫೋಟೋ ರೆಡಿ. ಪೂರ್ತಿ ಕಪ್ಪಾಗಿದ್ರೆ ಟೈಮ್ ಜಾಸ್ತಿ ಅಥವಾ ಸಂದಿ, ಪೂರ್ತಿ ಬೆಳ್ಳಗಿದ್ರೆ ಟೈಮ್ ಕಮ್ಮಿ ಅಥವಾ ಟೇಪ್ ತೆಗೆಯೋದೇ ಮರೆತಿದೀರ.

ತೊಳೆಯೋ ರಗಳೆಯೇ ಬೇಡ ಅಂದ್ರೆ

ಕೂಲ್ ಡ್ರಿಂಕ್ ಕ್ಯಾನಿನ ಮೇಲ್ಭಾಗ ಕತ್ತರಿಸಿ, ಪಕ್ಕದಲ್ಲಿ ತೂತು ಮಾಡಿ, ಎದುರು ಗೋಡೆಗೆ ಕಾಗದ ಬಾಗಿಸಿ ಕೂರಿಸಿ, ನೀರು ಹೋಗದ ಹಾಗೆ ಟೇಪ್ ಸುತ್ತಿ, ಸೂರ್ಯ ಹೋಗೋ ದಾರಿ ಕಡೆ ಮುಖ ಮಾಡಿ ಕಂಬಕ್ಕೆ ಬಿಗಿಯಾಗಿ ಕಟ್ಟಿಬಿಡಿ. ಡಿಸೆಂಬರ್ 21ರ ಹೊತ್ತಿಗೆ ಕಟ್ಟಿದ್ರೆ ಜೂನ್ 21ರ ತನಕ ಬಿಡಬಹುದು. ದಿನಕ್ಕೊಂದರಂತೆ ಸೂರ್ಯ ಗೆರೆ ಎಳೀತಾ ಹೋಗ್ತಾನೆ, ಮೋಡದ ದಿನ ಗೆರೆ ತುಂಡಾಗಿರುತ್ತೆ. ಇಂಗ್ಲೆಂಡಿನ ಬೇಫರ್ಡ್‌ಬರಿ ವೀಕ್ಷಣಾಲಯದಲ್ಲಿ 2012ರಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗೇ ಒಂದು ಬಿಯರ್ ಕ್ಯಾನ್ ಕಟ್ಟಿ ಮರೆತೇಬಿಟ್ಟಿದ್ಲು, 2020ರಲ್ಲಿ ಬಿಚ್ಚಿ ನೋಡಿದ್ರೆ ಸೂರ್ಯನ 2,953 ಗೆರೆ ಅದರಲ್ಲಿದ್ವು. ಇದಕ್ಕೆ ಡೆವಲಪರ್ ಬೇಡ, ಫಿಕ್ಸರ್ ಬೇಡ, ಕಾಗದದ ಮೇಲೇ ಚಿತ್ರ ಕಾಣ್ತಿರುತ್ತೆ. ಆದ್ರೆ ಮಂದ ಬೆಳಕಲ್ಲಿ ಹೊರತೆಗೆದು ತಕ್ಷಣ ಸ್ಕ್ಯಾನ್ ಮಾಡಿ, ಪ್ರಿವ್ಯೂ ಒತ್ತದೆ ಒಂದೇ ಸಲಕ್ಕೆ, ಯಾಕಂದ್ರೆ ಸ್ಕ್ಯಾನರಿನ ಬೆಳಕಿಗೂ ಆ ಕಾಗದ ಇನ್ನಷ್ಟು ಕಪ್ಪಾಗ್ತಾ ಇರುತ್ತೆ.