ಅತ್ತೆಯ ವಾಲ್ವ್ ಮಾತ್ರೆ: ಲೆಕ್ಕ ಒಬ್ಬರ ತಲೆಯಲ್ಲೇ ಇರಬಾರದು

ಹೃದಯಕ್ಕೆ ಮೆಟಲ್ ವಾಲ್ವ್ (ಕವಾಟ) ಹಾಕಿಸಿಕೊಂಡವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಬೇಕು. ನಮ್ಮ ಅತ್ತೆಯದು ಮೈಟ್ರಲ್ ವಾಲ್ವ್, ಮಾತ್ರೆ ಆಸಿಟ್ರೋಮ್. ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಅಂಕಿ, 2.5ರಿಂದ 3.5ರೊಳಗೆ ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಕಡಿಮೆಯಾದರೆ ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ.

ಈ ಲೆಕ್ಕವೆಲ್ಲ ಸೊಸೆಯ ತಲೆಯಲ್ಲಿ ಮಾತ್ರ ಇದ್ದರೆ ಅವಳು ತವರಿಗೂ ಹೋಗುವ ಹಾಗಿಲ್ಲ. ಅದಕ್ಕೇ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ತಾರೀಖಿನ ಕೆಳಗೆ ಡೋಸ್ ಬರೆದಿಡಿ. ಅತ್ತೆಗೆ ಒಂದು ದಿನ 2 ಮಿ.ಗ್ರಾಂ, ಮರುದಿನ 3. ಇಂಥದ್ದನ್ನು ನೆನಪಿನ ಮೇಲೆ ಬಿಡಲೇಬಾರದು. ಸಂಜೆ ಮಾತ್ರೆ ನುಂಗಿ ಅತ್ತೆಯೇ ಗೀಟು ಹಾಕುತ್ತಾರೆ. "ಮಾತ್ರೆ ತಗೊಂಡ್ರಾ ಅತ್ತೆ?" ಅಂತ ನಾನು ಕೇಳುವುದೂ ನಿಂತಿತು, "ನಾನೇನು ಎಳೆಮಗುನಾ?" ಅಂತ ಅವರು ಸಿಡುಕುವುದೂ ನಿಂತಿತು.

ಮರೆತಿದ್ದು ಅದೇ ದಿನ ನೆನಪಾದರೆ ಕೊಡಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ದಿನದ್ದು ಒಟ್ಟಿಗೆ ಬೇಡ. ತಪ್ಪಿದ ದಿನಕ್ಕೆ ಸುತ್ತು ಹಾಕಿ ಡಾಕ್ಟರಿಗೆ ತೋರಿಸಿ.

ಮೆಡಿಕಲ್ ಸ್ಟೋರಿಗೆ ಖಾಲಿ ಸ್ಟ್ರಿಪ್ ತಗೊಂಡೇ ಹೋಗಿ. ಒಂದೇ ಹೆಸರಿನಲ್ಲಿ 1, 2, 3, 4 ಮಿ.ಗ್ರಾಂ ಎಲ್ಲವೂ ಬರುತ್ತವೆ. ಮಂಡಿನೋವಿಗೆ ಅಂತ ಅಲ್ಲೇ ಕೇಳಿ ನೋವಿನ ಮಾತ್ರೆ ತರಬೇಡಿ. ಯಾರೋ ಹೇಳಿದ ನಾಟಿ ಔಷಧಿಯೂ ಡಾಕ್ಟರನ್ನು ಕೇಳದೆ ಬೇಡ. ಸೊಪ್ಪು ಬಿಡಬೇಕು ಅನ್ನುವವರು ಬಹಳ. ಬಿಡಬೇಕಿಲ್ಲ. ವಾರವೆಲ್ಲ ಬಿಟ್ಟು ಭಾನುವಾರ ತಟ್ಟೆ ತುಂಬ ನುಗ್ಗೆಸೊಪ್ಪಿನ ಪಲ್ಯ ತಿಂದರೆ ಐಎನ್‌ಆರ್ ಏರುಪೇರಾಗುತ್ತದೆ. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಲಿ.

ಇನ್ನು ನೋಡಿಕೊಳ್ಳುವವರ ವಿಷಯ. "ಸ್ವಲ್ಪ ಸಹಾಯ ಮಾಡಿ" ಅಂದರೆ ನಮ್ಮ ಮನೆಗಳಲ್ಲಿ ಗಂಡಸರು ಹೂಂ ಅಂದು ಟಿವಿ ನೋಡುತ್ತಾರೆ, ಅಲ್ವಾ? ಕೆಲಸದ ಹೆಸರು ಹೇಳಿ ಒಪ್ಪಿಸಿ. ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುವುದು ಮೈದುನನ ಪಾಲು. ಮಾತ್ರೆ ಮುಗಿಯುವ ಮುಂಚೆ ತರುವುದು ನಮ್ಮನೆಯವರದು. ಭಾನುವಾರ ಮಧ್ಯಾಹ್ನ ನಾನು ಮಲಗುತ್ತೇನೆ, ಯಾರೂ ಎಬ್ಬಿಸುವುದಿಲ್ಲ. ನಿದ್ದೆಗೆಟ್ಟವಳು 2 ಯಾವುದು, 3 ಯಾವುದು ಅಂತ ಎಷ್ಟು ದಿನ ಸರಿಯಾಗಿ ನೋಡಿಯಾಳು?

ಹಲ್ಲು ಕೀಳಿಸುವುದಿದ್ದರೆ ವಾಲ್ವ್ ವಿಷಯ ಮೊದಲೇ ಹೇಳಿ. ಮಲ ಕಪ್ಪಗಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಐಎನ್‌ಆರ್ ಬರೆದಿಡುವ ಪುಸ್ತಕ ಹಿಡಿದು ಆಸ್ಪತ್ರೆಗೆ ಹೊರಡಿ. ಅದು ಎಲ್ಲಿದೆ ಅಂತ ಮೈದುನನಿಗೂ ಗೊತ್ತಿರಬೇಕು.